ಬೀಜದ ಹೊಲದ ಕಾಣದ ಮಾಲೀಕ



ಇಂದು ನಿಮ್ಮೊಡನೆ ಒಂದು ಹೂವಿನ ವಿಷಯದಿಂದ ಮಾತು ಆರಂಭಿಸುತ್ತೇನೆ. ಅದು ದೇವರ ಪೂಜೆಗೆ ಬರುವ ಹೂವಲ್ಲ, ಮುಡಿಯುವ ಹೂವೂ ಅಲ್ಲ. ಟೊಮ್ಯಾಟೊ ಗಿಡದ ಪುಟ್ಟ ಹಳದಿ ಹೂವು. ನಿಮ್ಮ ಮನೆಯಲ್ಲಿ ನಿನ್ನೆ ಸಾರಿಗೆ ಹಾಕಿದ ಟೊಮ್ಯಾಟೊ ಹೈಬ್ರಿಡ್ ತಳಿಯದಾಗಿದ್ದರೆ, ಅದರ ಬೀಜ ತಾನಾಗಿ ಆದದ್ದಲ್ಲ. ಯಾರೋ ಒಬ್ಬರು ಒಂದೊಂದು ಹೂವನ್ನೂ ಕೈಯಲ್ಲಿ ಹಿಡಿದು ಆ ಬೀಜವನ್ನು ಆಗಿಸಿದ್ದಾರೆ. ಆ ಕೈ ಕುಷ್ಟಗಿ ತಾಲ್ಲೂಕಿನದೋ ಯಲಬುರ್ಗಾ ತಾಲ್ಲೂಕಿನದೋ ಆಗಿರಬಹುದು. ನಿಮ್ಮಲ್ಲಿ ಕೆಲವರಿಗೆ ಅದು ಸ್ವಂತ ತಾಯಿಯ ಕೈಯೇ ಆಗಿರಬಹುದು.

ಆ ಕೈಗೆ ಕೂಲಿ ಕೊಡಬೇಕಾದವರು ಯಾರು? ಕೇಳಲು ಸುಲಭವಾದ ಈ ಪ್ರಶ್ನೆಗೆ ಉತ್ತರ ಸುಲಭವಾಗಿಲ್ಲ. ದೂರದ ದೇಶದ ಮಾಲೀಕನಿಗಾಗಿ ನಮ್ಮೂರ ಕೂಲಿಕಾರ ದುಡಿಯುವಾಗ ಅವನ ಹಕ್ಕನ್ನು ಕಾಯುವವರು ಯಾರು ಎಂಬ ದೊಡ್ಡ ಪ್ರಶ್ನೆಯೂ ಇದರೊಳಗೇ ಇದೆ. ಟಿ.ವಿ. ಪರದೆಯ ಮೇಲೆ ಚಿತ್ರಗಳ ನಡುವೆ ಹೇಳಲು ಸಮಯ ಸಾಲದ ಕೆಲವು ಮಾತುಗಳನ್ನು ಇಲ್ಲಿ ವಿವರವಾಗಿ ಹೇಳುತ್ತಿದ್ದೇನೆ.

ಮೊದಲು ನಾಡಿನ ಪರಿಚಯ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ರಚನೆಯಾದಾಗ ಅದರಲ್ಲಿ ಇದ್ದುದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಭತ್ತ. ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಆಕಾಶ ನೋಡಿ ಬಿತ್ತುವ ಒಣ ಭೂಮಿ; ಸಜ್ಜೆ, ಜೋಳ, ಶೇಂಗಾ, ಕಡಲೆ. ನಾಟಿಯ ಕಾಲಕ್ಕೆ ಈ ಒಣ ಊರುಗಳ ಜನ ಗಂಗಾವತಿಯ ಗದ್ದೆಗಳಿಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಗುಳೆ ಎಂದರೇನು ಎಂದು ಈ ಭಾಗದ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ. ತರಗತಿಯಲ್ಲಿ ಖಾಲಿಯಾಗುವ ಬೆಂಚುಗಳೇ ಅದನ್ನು ಹೇಳುತ್ತವೆ.

ಇಂತಹ ಊರುಗಳಿಗೆ ಬಂದದ್ದು ಬೀಜೋತ್ಪಾದನೆ. ಜನರ ಬಾಯಲ್ಲಿ ಅದು 'ಸೀಡ್ಸ್'. ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಕಲ್ಲಂಗಡಿ, ಹಾಗಲ, ಹತ್ತಿ ಹೀಗೆ ಹಲವು ಬೆಳೆಗಳ ಹೈಬ್ರಿಡ್ ಬೀಜ ಇಲ್ಲಿ ತಯಾರಾಗುತ್ತದೆ. ಒಣ ಹವೆಯಲ್ಲಿ ಬೆಳೆಗೆ ರೋಗ ಕಡಿಮೆ. ಒಂದು ತಳಿಯ ಹೊಲವನ್ನು ಇನ್ನೊಂದರಿಂದ ದೂರ ಇಡಲು ಜಾಗವುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಹುಡುಕುವ ಕೈಗಳುಂಟು. ಬೀಜದ ಕಂಪನಿಗಳು ಇಲ್ಲಿಗೆ ಬರಲು ಇವೇ ಕಾರಣ.

ಹೈಬ್ರಿಡ್ ಬೀಜದ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದೇನಲ್ಲ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ಕಟ್ಟಿದರು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು 'ವರಲಕ್ಷ್ಮಿ' ಹತ್ತಿಯನ್ನು ನೀಡಿದರು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಪಡೆದ ಹೆಸರಾಂತ ತಳಿ ಅದು. 1988ರ ಹೊಸ ಬೀಜ ನೀತಿ ಮತ್ತು 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಬೀಜ ಕಂಪನಿಗಳಿಗೂ ದಾರಿ ತೆರೆಯಿತು.

ಈಗ ಹೂವಿನ ವಿಷಯಕ್ಕೆ ಬರೋಣ. ಟೊಮ್ಯಾಟೊ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಒಟ್ಟಿಗೇ ಇವೆ ಎಂದು ಜೀವಶಾಸ್ತ್ರದ ಪುಸ್ತಕದಲ್ಲಿ ಓದಿದ್ದೀರಿ. ಬಿಟ್ಟರೆ ಅದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಹೈಬ್ರಿಡ್ ಬೇಕಾದರೆ ಇದನ್ನು ತಡೆಯಬೇಕು. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮಟದಿಂದ ಅದರ ಕೇಸರಗಳನ್ನು ಎಳೆದು ತೆಗೆಯಬೇಕು. ಒಳಗಿನ ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಗಿಡಗಳಿಂದ ತಂದ ಪರಾಗವನ್ನು ಆ ಶಲಾಕೆಯ ತುದಿಗೆ ಸವರಬೇಕು. ಸವರಿದ ಗುರುತಿಗೆ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಒಂದೆರಡನ್ನು ಕತ್ತರಿಸಬೇಕು. ಹತ್ತಿಯಲ್ಲಾದರೆ ಮಧ್ಯಾಹ್ನದ ಮೇಲೆ ಹೆಬ್ಬೆರಳಿನ ಉಗುರಿನಿಂದ ಮೊಗ್ಗಿನ ಕೇಸರ ಬಿಡಿಸುತ್ತಾರೆ; ಮರುದಿನ ಬೆಳಿಗ್ಗೆ ಪರಾಗ ತಾಗಿಸುತ್ತಾರೆ. ಹಳ್ಳಿಗಳಲ್ಲಿ ಈ ಕೆಲಸದ ಹೆಸರು 'ಕ್ರಾಸಿಂಗ್'.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಗ್ರಾಂ ಟೊಮ್ಯಾಟೊ ಬೀಜದಲ್ಲಿ ಸುಮಾರು 300 ಕಾಳುಗಳಿರುತ್ತವೆ. ಅಂದರೆ ಒಂದು ಕಿಲೋದಲ್ಲಿ ಸುಮಾರು 3 ಲಕ್ಷ. ಒಂದು ಹಣ್ಣಿನಿಂದ 60 ಬೀಜ ಸಿಕ್ಕಿತೆಂದು ಇಟ್ಟುಕೊಂಡರೆ ಒಂದು ಕಿಲೋ ಬೀಜಕ್ಕೆ 5,000 ಹೂವು ಬೇಕು. ಪ್ರತಿ ಹೂವನ್ನೂ ಎರಡು ಸಲ ಮುಟ್ಟಬೇಕು. ಹತ್ತು ಸಾವಿರ ಸಲ ಬೆರಳು ಆಡಬೇಕು. ಬಿಸಿಲಲ್ಲಿ, ಬಗ್ಗಿದ ಸೊಂಟದಲ್ಲಿ, ಹಲವು ಸಲ ಔಷಧಿ ಸಿಂಪಡಿಸಿದ ಗಿಡಗಳ ನಡುವೆ. ಈ ಕೆಲಸವನ್ನು ಮಾಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಕುಷ್ಟಗಿ ತಾಲ್ಲೂಕಿನ ಒಂದು ಹೊಲಕ್ಕೆ ಹೋಗಿದ್ದೆ. ವಿಜ್ಞಾನದ ಪದವೀಧರನಾದ ನನ್ನ ಗಮನವೆಲ್ಲ ಪರಾಗಸ್ಪರ್ಶವನ್ನು ಹತ್ತಿರದಿಂದ ಚಿತ್ರಿಸುವುದರ ಮೇಲಿತ್ತು. ಕ್ಯಾಮರಾ ಸಿದ್ಧವಾಗುವವರೆಗೆ ಕೆಲಸ ಮಾಡುತ್ತಿದ್ದ ಒಬ್ಬ ತಾಯಿಯನ್ನು ಮಾತಾಡಿಸಿದೆ.

"ಅಕ್ಕಾ, ಈ ಬೀಜ ಎಲ್ಲಿಗೆ ಹೋಗ್ತದೆ?"

"ಎಲ್ಲಿಗೆ ಹೊಕ್ಕೈತೋ ಏನೋ ರೀ. ಕಂಪ್ನಿಗೆ ಹೊಕ್ಕೈತಿ."

"ಯಾವ ಕಂಪನಿ?"

"ಅದು ನಮಗೇನ್ ಗೊತ್ರೀ ಸರ. ನಮಗ ಗೌಡ್ರು ಮಾಲಕ್ರು. ಗೌಡ್ರಿಗೆ ಆರ್ಗನೈಸರ್ ಮಾಲಕ. ಅವನ ಮ್ಯಾಲೆ ಯಾರ್ ಅದಾರೋ ನಾವ್ ಕಂಡಿಲ್ಲ. ಬೀಜ ಫೇಲ್ ಆದಾಗ ಅಷ್ಟ ಮ್ಯಾಲಿನವ್ರ ಹೆಸರು ಕೇಳಿ ಬರತೈತಿ."

ಹಿಂದಿನ ಹಂಗಾಮಿನಲ್ಲಿ ಅವರಿಗೆ ಎರಡು ವಾರದ ಕೂಲಿ ಬಂದಿರಲಿಲ್ಲವಂತೆ. ಆ ಹೊಲದ ಬೀಜ ಪರೀಕ್ಷೆಯಲ್ಲಿ ಫೇಲಾಯಿತೆಂದು ಮೇಲಿನವರು ಹಣ ಕೊಡಲಿಲ್ಲ. ಹಣ ಬಾರದ ರೈತ ಕೂಲಿ ಕೊಡಲಿಲ್ಲ. "ನಾ ಮಾಡಿದ ಕ್ರಾಸಿಂಗ್ ಫೇಲ್ ಆಗೈತೋ, ಬ್ಯಾರೆದವ್ರದು ಫೇಲ್ ಆಗೈತೋ, ಯಾರ್ ನೋಡ್ಯಾರ್ರಿ?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಚಿತ್ರೀಕರಿಸಿದ ಪರಾಗಸ್ಪರ್ಶದ ದೃಶ್ಯ ಬಹಳ ಚೆನ್ನಾಗಿ ಬಂದಿತ್ತು. ಆದರೆ ಸಂಕಲನದ ಮೇಜಿನ ಮುಂದೆ ಕುಳಿತಾಗ ನನ್ನ ಕಿವಿಯಲ್ಲಿದ್ದುದು ಆ ಪ್ರಶ್ನೆ. ಇಂದಿನ ಈ ಮಾತುಗಳಿಗೆ ಅದೇ ಮೂಲ.

ಆ ತಾಯಿ ಹೇಳಿದ ಏಣಿಯನ್ನು ಸ್ವಲ್ಪ ವಿವರಿಸುತ್ತೇನೆ. ಎಲ್ಲಕ್ಕಿಂತ ಮೇಲೆ ಕಂಪನಿ. ತಳಿಯ ತಾಯಿ ಬೀಜ, ತಂದೆ ಬೀಜ ಅದರವು. ಬೀಜಕ್ಕೆ ಕಿಲೋಗೆ ಇಷ್ಟು ಎಂದು ದರ ನಿಗದಿ ಮಾಡುವುದೂ ಅದೇ. ಅದರ ಕೆಳಗೆ ಆರ್ಗನೈಸರ್. ಊರೂರು ತಿರುಗಿ ರೈತರನ್ನು ಗೊತ್ತುಮಾಡಿ, ಮುಂಗಡ ಹಂಚಿ, ಬೀಜ ಸಂಗ್ರಹಿಸಿ ಕೊಟ್ಟು ಕಮಿಷನ್ ಪಡೆಯುವವನು ಅವನು. ಅವನ ಕೆಳಗೆ ರೈತ. ಭೂಮಿ, ನೀರು, ಗೊಬ್ಬರ, ಕೂಲಿ ಎಲ್ಲವೂ ಅವನ ಹೊಣೆ. ಕೊನೆಗೆ ಕೂಲಿಕಾರರು. ಎಷ್ಟೋ ಕಡೆ ರೈತನ ಒಪ್ಪಂದ ಆಗಿರುವುದು ಆರ್ಗನೈಸರ್ ಜೊತೆ. ಕಂಪನಿಯ ಜೊತೆ ಅಲ್ಲ. ಕೂಲಿಕಾರರಿಗಂತೂ ಯಾರ ಜೊತೆಗೂ ಕಾಗದವಿಲ್ಲ, ಬಾಯಿಮಾತು ಮಾತ್ರ.

ಮೇಲಿನ ಮೆಟ್ಟಿಲಲ್ಲಿ ಏನಾಗುತ್ತಿದೆ ಎಂಬುದು ಕೆಳಗಿನವರಿಗೆ ತಿಳಿಯುವುದೇ ಇಲ್ಲ. ಸೆಮಿನಿಸ್ ಎಂಬ ದೊಡ್ಡ ತರಕಾರಿ ಬೀಜ ಕಂಪನಿಯನ್ನು 2005ರಲ್ಲಿ ಅಮೆರಿಕದ ಮೊನ್ಸಾಂಟೊ ಕೊಂಡಿತು. 2018ರಲ್ಲಿ ಮೊನ್ಸಾಂಟೊವನ್ನೇ ಜರ್ಮನಿಯ ಬಾಯರ್ ಕೊಂಡಿತು. ಸ್ವಿಟ್ಜರ್ಲೆಂಡಿನ ಸಿಂಜೆಂಟಾ 2017ರಲ್ಲಿ ಚೀನಾದ ಕೆಮ್‌ಚೈನಾ ಕೈಗೆ ಹೋಯಿತು. ಲೋಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಈ ಕೊಡುಕೊಳ್ಳುವಿಕೆಗಳಿಂದ ಮಾಲೀಕನ ದೇಶವೇ ಬದಲಾಯಿತು. ಬೀಜದ ಹೊಲದ ಸಾಲಿನಲ್ಲಿ ಕೂತು ಕೇಸರ ತೆಗೆಯುವವರ ಕೈಗೆ ಆ ಸುದ್ದಿ ತಲುಪುವ ದಾರಿಯೇ ಇಲ್ಲ.

ದೂರದ ಒಡೆಯ ಎಂಬುದು ಈ ಸೀಮೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಒಡೆಯರ ಮನೆ ಹೈದರಾಬಾದಿನಲ್ಲಿ, ಬೆವರು ಇಲ್ಲಿ. ಹಾಗೆಯೇ 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಸಂಸ್ಥೆ. ಅಲ್ಲಿ 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ, ನಮ್ಮನ್ನೇನು ಅಪರಾಧಿಗಳೆಂದು ತಿಳಿದಿರಾ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಅಲ್ಲಿ ಮಾಲೀಕ ವಿದೇಶಿಯಾದರೂ ಗಣಿಯ ಬಾಗಿಲು ಒಂದೇ ಇತ್ತು. ಯಾರ ಮುಂದೆ ನಿಂತು ಕೇಳಬೇಕೆಂಬುದು ಗೊತ್ತಿತ್ತು. ಬೀಜದ ಹೊಲಕ್ಕೆ ಅಂತಹ ಬಾಗಿಲೇ ಇಲ್ಲ. ಕೂಲಿಕಾರರು ಊರೂರಿನಲ್ಲಿ ಹತ್ತಿಪ್ಪತ್ತು ಜನರಂತೆ ಚದುರಿಹೋಗಿದ್ದಾರೆ.

ಕಾರ್ಖಾನೆಯಲ್ಲೂ ಈ ಏಣಿ ಇರಬಹುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಅಮೆರಿಕದ ಆ್ಯಪಲ್ ಸಂಸ್ಥೆಗಾಗಿ ಐಫೋನ್ ಜೋಡಿಸುತ್ತಿತ್ತು. ಕಾರ್ಮಿಕರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. ಸಂಬಳ ತಡವಾಯಿತು, ಕಡಿಮೆ ಬಂತು ಎಂಬ ಅಸಮಾಧಾನ ಬೆಳೆದು 2020ರ ಡಿಸೆಂಬರ್ 12ರಂದು ಕಾರ್ಖಾನೆಯಲ್ಲಿ ಹಿಂಸಾಚಾರ ನಡೆಯಿತು. ಗಾಜು ಒಡೆಯಿತು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಅದರಿಂದ ಕೆಟ್ಟದ್ದು ಯುವಕರ ಬದುಕೇ. ಆದರೆ ಆ ನಂತರ ಏನಾಯಿತು? ಒಂದೇ ವಾರದಲ್ಲಿ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ತನ್ನ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವವರೆಗೆ ಹೊಸ ವ್ಯವಹಾರ ಕೊಡುವುದಿಲ್ಲವೆಂದು ಆ್ಯಪಲ್ ಹೇಳಿತು. ಏಣಿಯ ಮೇಲಿನವನು ಮನಸ್ಸು ಮಾಡಿದರೆ ಕೆಳಗಿನ ಮೆಟ್ಟಿಲು ಅಲುಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಮನಸ್ಸು ಮೊದಲೇ ಬಂದಿದ್ದರೆ ಗಾಜೂ ಒಡೆಯುತ್ತಿರಲಿಲ್ಲ, ಬಂಧನವೂ ಆಗುತ್ತಿರಲಿಲ್ಲ.

ಈಗ ಬೀಜದ ಹೊಲಕ್ಕೆ ಮರಳೋಣ. ಕಂಪನಿಗೆ ಹೊಲ ಬಹಳ ದೂರ, ಅಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ನೋಡಲು ಅದಕ್ಕೆ ಸಾಧ್ಯವಿಲ್ಲ ಎಂಬ ಮಾತನ್ನು ನೀವು ಕೇಳಬಹುದು. ಇದು ನಿಜವೇ? ವಿಜ್ಞಾನದ ವಿದ್ಯಾರ್ಥಿಯಂತೆ ಪರೀಕ್ಷಿಸಿ ನೋಡೋಣ. ಬೀಜದ ವಿಷಯದಲ್ಲಿ ಕಂಪನಿಗೆ ಹೊಲ ದೂರವಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ಅದರ ಕಡೆಯ ಜನ ಹಲವು ಸಲ ಹೊಲಕ್ಕೆ ಬರುತ್ತಾರೆ. ಪಕ್ಕದ ಹೊಲ ಎಷ್ಟು ದೂರವಿದೆ, ಬೇರೆ ತಳಿಯ ಗಿಡ ನುಸುಳಿದೆಯೇ, ಕೇಸರ ತೆಗೆಯದ ಹೂವು ಉಳಿದಿದೆಯೇ ಎಂದು ನೋಡುತ್ತಾರೆ. ಬೀಜ ಕೈಸೇರಿದ ಮೇಲೆ ಮೊಳಕೆಯ ಪರೀಕ್ಷೆ. ಅದರ ಮೇಲೆ, ಅದೇ ಬೀಜವನ್ನು ಬಿತ್ತಿ ಬೆಳೆದು, ಗಿಡಗಳೆಲ್ಲ ಒಂದೇ ತಳಿಯವೇ ಎಂದು ಎಣಿಸುವ ಶುದ್ಧತೆಯ ಪರೀಕ್ಷೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅದು ಮುಗಿಯುವವರೆಗೆ ರೈತನ ಪೂರ್ತಿ ಹಣ ಬರುವುದಿಲ್ಲ.

ನೂರು ಗಿಡಗಳಲ್ಲಿ ಎರಡು ಮೂರು ಬೇರೆ ಗಿಡ ಇದ್ದರೂ ಕಂಡುಹಿಡಿಯುವ ಈ ಕಣ್ಣಿಗೆ, ಅದೇ ಸಾಲಿನಲ್ಲಿ ಕೂತ ಹೆಂಗಸಿನ ಕೂಲಿ ಎಷ್ಟೆಂದು ಏಕೆ ಕಾಣಬಾರದು? ಬೀಜದ ಶುದ್ಧತೆಯನ್ನು ಹೊಲದವರೆಗೆ ಬಂದು ಪರೀಕ್ಷಿಸುವವರು ಕೂಲಿಯ ಶುದ್ಧತೆಯನ್ನೂ ಹೊಲದವರೆಗೆ ಬಂದು ಪರೀಕ್ಷಿಸಬಲ್ಲರು. ನಾನು ನಿಮಗೆ ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಒಂದು ಮಾತು.

ಇದು ಬರಿಯ ಆದರ್ಶದ ಮಾತಲ್ಲ ಎನ್ನಲು ಆಧಾರವಿದೆ. ಆಂಧ್ರದ ಹತ್ತಿ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಶಾಲೆ ಬಿಟ್ಟು ಕ್ರಾಸಿಂಗ್ ಮಾಡುತ್ತಿದ್ದುದನ್ನು ದಾವುಲೂರಿ ವೆಂಕಟೇಶ್ವರ್ಲು ಅವರಂತಹ ಸಂಶೋಧಕರು ವರ್ಷಗಳ ಕಾಲ ದಾಖಲಿಸಿದರು. ಕಂಪನಿ ಕೊಡುವ ದರ ಕಡಿಮೆಯಾದ್ದರಿಂದಲೇ ರೈತ ದೊಡ್ಡವರ ಕೂಲಿ ಕೊಡಲಾರದೆ ಮಕ್ಕಳನ್ನು ಕರೆಯುತ್ತಾನೆ ಎಂದು 2005ರಲ್ಲಿ ಪ್ರಕಟವಾದ ಅವರ ಅಧ್ಯಯನ ವಾದಿಸಿತು. ಹೈಬ್ರಿಡ್ ಹತ್ತಿ ಬೀಜದ ಖರ್ಚಿನಲ್ಲಿ ಅರ್ಧದಷ್ಟು ಕೂಲಿಗೇ ಹೋಗುತ್ತದೆ ಎಂಬುದನ್ನು ನೆನಪಿಡಿ. ವಿದೇಶಗಳಲ್ಲಿ ಪ್ರಶ್ನೆಗಳೆದ್ದವು. ಆಗ ಕೆಲವು ದೊಡ್ಡ ಕಂಪನಿಗಳು ಮಕ್ಕಳಿಲ್ಲದ ಹೊಲಕ್ಕೆ ಹೆಚ್ಚುವರಿ ಹಣ, ಮಕ್ಕಳು ಕಂಡುಬಂದ ಹೊಲಕ್ಕೆ ದಂಡನೆ ಎಂಬ ನಿಯಮ ತಂದು, ನೋಡಲು ಜನರನ್ನೂ ಕಳುಹಿಸಿದವು. ಅಂದರೆ ನೋಡಬೇಕೆಂದಾಗ ಹೊಲ ಹತ್ತಿರವೇ ಆಯಿತು. ಆದರೂ ಸಮಸ್ಯೆ ಮುಗಿದಿಲ್ಲ. ಕರ್ನಾಟಕವೂ ಸೇರಿ ಆರು ರಾಜ್ಯಗಳ ಹತ್ತಿ ಬೀಜದ ಹೊಲಗಳನ್ನು ಕುರಿತು 2015ರಲ್ಲಿ ಬಂದ ಅವರ ವರದಿ, 18 ವರ್ಷದೊಳಗಿನ ಸುಮಾರು ಐದು ಲಕ್ಷ ಮಕ್ಕಳು ದೇಶದಲ್ಲಿ ಈ ಕೆಲಸದಲ್ಲಿದ್ದಾರೆಂದು ಅಂದಾಜು ಮಾಡಿತು. ವಿದೇಶಿ ಕಂಪನಿಗಳಷ್ಟೇ ಅಲ್ಲ, ನಮ್ಮ ದೇಶದ ಕಂಪನಿಗಳ ಹೊಲಗಳೂ ಅದರಲ್ಲಿ ಸೇರಿದ್ದವು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಕಾನೂನು ಏನು ಹೇಳುತ್ತದೆ? 1982ರ ಒಂದು ತೀರ್ಪಿನಿಂದ ಆರಂಭಿಸೋಣ. ದೆಹಲಿಯಲ್ಲಿ ಏಷ್ಯಾಡ್ ಕ್ರೀಡಾಕೂಟಕ್ಕಾಗಿ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿನ ಕೂಲಿಕಾರರಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ನಡುವಿನ ಜಮಾದಾರರು ಒಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಇದನ್ನು ತಿಳಿಸಿ ನಾಗರಿಕ ಹಕ್ಕುಗಳ ಸಂಘಟನೆಯೊಂದು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ತೀರ್ಪು ಬಂತು. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಕೆಲಸ ಮಾಡಿಸಿದವರು ನುಣುಚಿಕೊಳ್ಳಲಾಗದು ಎಂದೂ ನ್ಯಾಯಾಲಯ ಹೇಳಿತು. ಒಂದು ರೂಪಾಯಿಯ ವಿಷಯ ಎಷ್ಟು ದೂರ ಹೋಯಿತು ನೋಡಿ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ದೇಶದಲ್ಲಿ ಜಾರಿಗೆ ಬಂದಿದೆ. 1948ರ ಕನಿಷ್ಠ ವೇತನ ಕಾಯ್ದೆ, 1976ರ ಸಮಾನ ಸಂಭಾವನೆ ಕಾಯ್ದೆ ಮುಂತಾದವು ಅದರಲ್ಲಿ ಸೇರಿಹೋಗಿವೆ. ಹೊಲದ ಕೂಲಿಗೂ ಕನಿಷ್ಠ ವೇತನವುಂಟು. ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು, ಹೆಣ್ಣಿಗೊಂದು ಕೂಲಿ ಕೊಡುವಂತಿಲ್ಲ. ನಡುವಿನವನು ಕೂಲಿ ಕೊಡದಿದ್ದರೆ, ಕೆಲಸ ನಡೆದ ಸಂಸ್ಥೆಯ ಒಡೆತನ ಹೊಂದಿದ ಕಂಪನಿ ಅಥವಾ ವ್ಯಕ್ತಿಯೇ ಕೊಡಬೇಕೆಂಬ ನಿಯಮವೂ ಅದರಲ್ಲಿದೆ. ಕಾರ್ಖಾನೆಯಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕನಿಗೆ ಇದು ಒಳ್ಳೆಯ ಆಸರೆ. ಆದರೆ ಬೀಜದ ಹೊಲದಲ್ಲಿ ಭೂಮಿ ರೈತನದು. ಕಂಪನಿ ತಾನು ಬೀಜ ಕೊಳ್ಳುವವನು ಮಾತ್ರ ಎನ್ನುತ್ತದೆ. ತಳಿ ಅದರದು, ದರ ಅದರದು, ಪರೀಕ್ಷೆ ಅದರದು. ಹೊಣೆ ಮಾತ್ರ ರೈತನದು. ಸಮಸ್ಯೆಯ ಗಂಟು ಇರುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮವಿದೆ. ಹೊಲಗೆಲಸಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದ ಮಾಲೀಕ ಹಾಜರಿ, ಕೂಲಿಯ ಪುಸ್ತಕ ಇಡಬೇಕಾಗಿಲ್ಲ. ಅಧಿಕಾರಿ ಕೇಳಿದರೆ ಕೂಲಿ ಕೊಟ್ಟದ್ದಕ್ಕೆ ಪುರಾವೆ ತೋರಿಸಿದರೆ ಸಾಕು. ಸಣ್ಣ ರೈತನಿಗೆ ಇದು ಅನುಕೂಲ. ಕ್ರಾಸಿಂಗ್ ಕಾಲದಲ್ಲಿ ಹತ್ತು ಹನ್ನೆರಡು ಜನ ದುಡಿಯುವ ಹೊಲಕ್ಕೆ ಈ ವಿನಾಯಿತಿ ಸಲ್ಲದು. ಹಾಗೆಯೇ, ಮುಂಗಡ ಕೊಟ್ಟ ಕಾರಣಕ್ಕೆ ಬೇರೆಡೆ ದುಡಿಯಲು ಹೋಗಬಾರದೆಂದು ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಮುಂಗಡ ಎಂಬ ಹೆಸರು ಕೊಟ್ಟರೂ ಜೀತ ಜೀತವೇ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದಕ್ಕೆ 2016ರ ತಿದ್ದುಪಡಿಯ ನಂತರ ಪೂರ್ಣ ನಿಷೇಧವಿದೆ. ಶಾಲೆಯ ವೇಳೆಯ ಹೊರಗೆ ಸ್ವಂತ ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿಯುಂಟು.

ಹೊರಗಿನ ಲೋಕದಲ್ಲೂ ದಾರಿ ನಿಧಾನವಾಗಿ ತೆರೆಯುತ್ತಿದೆ. 2011ರಲ್ಲಿ ವಿಶ್ವಸಂಸ್ಥೆ, ಕಂಪನಿಗಳು ತಮ್ಮ ಪೂರೈಕೆಯ ಸರಪಣಿಯಲ್ಲಿ ಮಾನವ ಹಕ್ಕುಗಳನ್ನು ಗೌರವಿಸಬೇಕೆಂಬ ಮಾರ್ಗಸೂತ್ರಗಳನ್ನು ಒಪ್ಪಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ವಿದೇಶಿ ಬ್ರಾಂಡುಗಳಿಗೆ ಬಟ್ಟೆ ಹೊಲಿಯುತ್ತಿದ್ದವರು. ಆ ದುರಂತ ಲೋಕದ ಕಣ್ಣು ತೆರೆಸಿತು. 2017ರಲ್ಲಿ ಫ್ರಾನ್ಸ್ ಕಾಯ್ದೆ ಮಾಡಿತು. 2023ರ ಜನವರಿಯಲ್ಲಿ ಜರ್ಮನಿಯ ಕಾಯ್ದೆ ಜಾರಿಗೆ ಬಂತು. ತಮ್ಮ ದೊಡ್ಡ ಕಂಪನಿಗಳು ಹೊರದೇಶಗಳಲ್ಲಿನ ಪೂರೈಕೆದಾರರ ಕಡೆಗೂ ಗಮನವಿಡಬೇಕೆಂಬುದು ಇವುಗಳ ಸಾರ. ಇವನ್ನು ಸಡಿಲಗೊಳಿಸಬೇಕೆಂಬ ಒತ್ತಡವೂ ಅಲ್ಲಿ ಜೋರಾಗಿದೆ. ಆದ್ದರಿಂದ ಹೊರಗಿನವರ ಕಾಯ್ದೆಯನ್ನು ನೆಚ್ಚಿ ನಾವು ಕೈಕಟ್ಟಿ ಕೂರುವಂತಿಲ್ಲ.

ಕಂಪನಿಗಳು ಬರಲೇಬಾರದು ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. ಸೀಡ್ಸ್ ಕೆಲಸವಿದ್ದುದರಿಂದ ಗುಳೆ ಹೋಗದೆ ಊರಲ್ಲೇ ಉಳಿದ ಮನೆಗಳಿವೆ. ಬೀಜದ ಹಣದಿಂದ ಮಕ್ಕಳನ್ನು ಓದಿಸಿದ ರೈತರಿದ್ದಾರೆ. ಆ ರೈತನೂ ಏಣಿಯ ನಡುವೆ ಸಿಕ್ಕಿಬಿದ್ದವನೇ. ಅವನನ್ನು ಖಳನಾಯಕನನ್ನಾಗಿ ಮಾಡಿದರೆ ಮೇಲಿನವರಿಗೇ ಅನುಕೂಲ. ಬೇಕಾದುದು ಮೂರು ಸಂಗತಿ. ಕೂಲಿಯನ್ನು ಲೆಕ್ಕ ಹಾಕಿ ಬೀಜಕ್ಕೆ ದರ ಕಟ್ಟಬೇಕು. ಬೀಜ ಪಾಸಾಗಲಿ, ಫೇಲಾಗಲಿ, ದುಡಿದ ದಿನದ ಕೂಲಿ ಸಿಗಬೇಕು. ಒಪ್ಪಂದದ ಕಾಗದದಲ್ಲಿ ಕಂಪನಿಯ ಹೆಸರು ಕನ್ನಡದಲ್ಲಿ ಸ್ಪಷ್ಟವಾಗಿ ಇರಬೇಕು. ಪರೀಕ್ಷೆಯ ಫಲಕ್ಕೆ ಕಾಯುವ ನಷ್ಟವನ್ನು ದೊಡ್ಡ ಕಂಪನಿ ತಾಳಬಲ್ಲದು. ಸಂತೆಗೆ ಹೋಗಬೇಕಾದ ತಾಯಿ ತಾಳಲಾರಳು.

ಇದರಲ್ಲಿ ವಿದ್ಯಾರ್ಥಿಗಳಾದ ನೀವೇನು ಮಾಡಬಹುದು? ನಿಮ್ಮ ಬಳಿ ಒಂದು ಶಕ್ತಿ ಇದೆ: ನಿಮಗೆ ಬರೆಯಲು ಬರುತ್ತದೆ. ನಿಮ್ಮ ಮನೆಯವರು ಕೂಲಿಗೆ ಹೋಗುವವರಾದರೆ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ತೆಗೆಯಿರಿ. ದಿನಾಂಕ, ಯಾರ ಹೊಲ, ಯಾವ ಬೆಳೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೆಲಸ, ಮಾತಾದ ಕೂಲಿ ಎಷ್ಟು, ಕೈಗೆ ಬಂದದ್ದೆಷ್ಟು, ಮುಂಗಡವೆಷ್ಟು, ಆರ್ಗನೈಸರ್ ಯಾರು, ಬೀಜದ ಪೊಟ್ಟಣದ ಮೇಲಿನ ಕಂಪನಿಯ ಹೆಸರೇನು ಎಂದು ರಾತ್ರಿ ಎರಡು ನಿಮಿಷ ಕೂತು ಬರೆಯಿರಿ. ನಿಮ್ಮ ಮನೆ ರೈತರದಾಗಿದ್ದರೆ ಒಪ್ಪಂದದ ಪ್ರತಿಯನ್ನು ಕೇಳಿ ಪಡೆದು ಓದಿ ಹೇಳಿ. ಕೂಲಿಯವರ ಲೆಕ್ಕವನ್ನೂ ನೀವೇ ಇಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದಿಟ್ಟದ್ದು ಕಾರ್ಮಿಕ ಇಲಾಖೆಯ ಮುಂದೆ ನಿಲ್ಲುತ್ತದೆ. ಬಾಕಿ ಕೂಲಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಲು ವೇತನ ಸಂಹಿತೆಯಲ್ಲಿ ಅವಕಾಶವಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100. ಶಾಲೆ ಬಿಡಿಸಿ ಕ್ರಾಸಿಂಗಿಗೆ ಕಳುಹಿಸಿದ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡಿ.

ಈ ಅಭ್ಯಾಸ ನಾಳೆ ನಿಮಗೂ ಬೇಕಾಗುತ್ತದೆ. ಭಾನಾಪುರದ ಬಳಿ ಸುಮಾರು 400 ಎಕರೆಯಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ಕೈಗೊಂಡ ಸಂಸ್ಥೆ ನಮ್ಮ ರಾಜ್ಯದ್ದೇ. ಆದರೆ ಆಟಿಕೆಗಳನ್ನು ಕೊಳ್ಳುವ ಲೋಕ ದೊಡ್ಡದು. ನಿಮ್ಮಲ್ಲಿ ಹಲವರು ನಾಳೆ ಇಂತಹ ಕಾರ್ಖಾನೆಗಳಿಗೆ ಹೋಗುವಿರಿ. ಹೋಗುವ ಮೊದಲ ದಿನವೇ ಕೇಳಿ: ನನ್ನ ನೇಮಕದ ಪತ್ರ ಎಲ್ಲಿ? ಅದರಲ್ಲಿ ನನ್ನ ಮಾಲೀಕ ಎಂದು ಯಾರ ಹೆಸರಿದೆ? ಇದನ್ನು ಕೇಳುವುದು ಉದ್ಧಟತನವಲ್ಲ.

ಕುಷ್ಟಗಿಯ ಆ ಹೊಲದಲ್ಲಿ ಹೊರಡುವ ಮುನ್ನ ಆ ತಾಯಿ ನನ್ನನ್ನು ಇನ್ನೊಂದು ಮಾತು ಕೇಳಿದರು. "ಸರ, ಟೀವ್ಯಾಗ ನನ್ನ ಮಾರಿ ಬರತೈತೋ, ಬರೇ ಹೂವು ಅಷ್ಟ ಬರತೈತೋ?" ಆ ಕಾರ್ಯಕ್ರಮದಲ್ಲಿ ಬಂದದ್ದು ಹೂವು ಮತ್ತು ಬೆರಳುಗಳು ಮಾತ್ರ. ಹತ್ತಿರದ ದೃಶ್ಯದಲ್ಲಿ ಮುಖಕ್ಕೆ ಜಾಗವಿರಲಿಲ್ಲ. ಆ ತಪ್ಪು ನನ್ನದು. ನೀವು ನಿಮ್ಮ ನೋಟ್‌ಬುಕ್ಕಿನಲ್ಲಿ ಆ ತಪ್ಪು ಮಾಡಬೇಡಿ. ಹೊಲದ ಹೆಸರಿನ ಜೊತೆಗೆ, ಕಂಪನಿಯ ಹೆಸರಿನ ಜೊತೆಗೆ, ದುಡಿದವರ ಹೆಸರನ್ನೂ ಪೂರ್ತಿಯಾಗಿ ಬರೆಯಿರಿ.